ಲಕ್ಷಗಟ್ಟಲೆ ಸುರಿದು ಹಳೆ ವೈನ್ ಕೊಳ್ಳುವವರಿಗೆ ಅದು ನಕಲಿ ಅಂತ ಯಾಕೆ ಗೊತ್ತಾಗುವುದಿಲ್ಲ?

ಯಾಕೆಂದರೆ ಅಸಲಿಯ ರುಚಿ ಹೇಗಿರುತ್ತದೆ ಅಂತ ಗೊತ್ತಿರುವವರೇ ತೀರಾ ಕಡಿಮೆ. 1945ರ ಬಾಟಲಿಯನ್ನು ಎಷ್ಟು ಜನ ಕುಡಿದಿರುತ್ತಾರೆ ಹೇಳಿ? ಅಷ್ಟು ಹಳೆಯ ವೈನ್ ಒಂದೊಂದು ಬಾಟಲಿಯಲ್ಲಿ ಒಂದೊಂದು ಥರ ಮಾಗಿರುತ್ತದೆ. ರುಚಿ ಬೇರೆ ಅನ್ನಿಸಿದರೂ 'ಇಟ್ಟ ಜಾಗ ಸರಿ ಇರಲಿಲ್ವೇನೋ' ಅಂದುಕೊಂಡು ಸುಮ್ಮನಾಗುತ್ತಾರೆ. ಪರೀಕ್ಷೆ ಮಾಡೋಣ ಅಂದರೆ ಬಿರಡೆ ತೆಗೆಯಬೇಕು. ತೆಗೆದರೆ ಮಾರುವ ಬೆಲೆ ಹೋಯಿತು, ಅಲ್ವಾ? ಹಾಗಾಗಿ ಎಷ್ಟೋ ಬಾಟಲಿಗಳು ನೆಲಮಾಳಿಗೆಯಲ್ಲೇ ಕೂತಿರುತ್ತವೆ.

ರೂಡಿ ಕುರ್ನಿಯವಾನ್ ಈ ಸಂದನ್ನೇ ಹಿಡಿದ. ಇಂಡೊನೇಷ್ಯಾದಿಂದ ಅಮೆರಿಕಕ್ಕೆ ಬಂದವನು. ಕ್ಯಾಲಿಫೋರ್ನಿಯಾದ ತನ್ನ ಮನೆಯಲ್ಲೇ ಕಡಿಮೆ ಬೆಲೆಯ ವೈನ್‌ಗಳನ್ನು ಬೆರೆಸಿ, ಹಳೆ ಬಾಟಲಿಗೆ ತುಂಬಿ, ನ್ಯೂಯಾರ್ಕಿನ ಹರಾಜಿಗೆ ಕಳಿಸುತ್ತಿದ್ದ. 2012ರಲ್ಲಿ ಎಫ್‌ಬಿಐ ಮನೆಗೆ ನುಗ್ಗಿದಾಗ ಸಿಂಕಿನಲ್ಲಿ ಬಾಟಲಿಗಳು ನೆನೆಯುತ್ತಿದ್ದವು. ಪಕ್ಕದಲ್ಲಿ ಸಾವಿರಾರು ಲೇಬಲ್, ಬಿರಡೆ, ರಬ್ಬರ್ ಸ್ಟ್ಯಾಂಪ್.

ಮಜಾ ಅಂದರೆ, ಅವನ ಗುಟ್ಟು ಬಯಲಾಗಲು ಶುರುವಾಗಿದ್ದು ನಾಲಿಗೆಯಿಂದಲ್ಲ, ಕ್ಯಾಟಲಾಗ್‌ನಿಂದ. 2008ರ ಹರಾಜಿನ ಪಟ್ಟಿಯಲ್ಲಿ, ಫ್ರಾನ್ಸ್‌ನಲ್ಲಿ ವೈನ್ ತಯಾರಿಸುವ ಪೊನ್ಸೊ ಮನೆತನದ 'ಕ್ಲೊ ಸ್ಯಾಂ ದನಿ' ವೈನ್ ಇತ್ತು, 1945ರದ್ದು ಅಂತ. ಆದರೆ ಆ ಮನೆತನ ಆ ವೈನನ್ನು ತಯಾರಿಸಲು ಶುರುಮಾಡಿದ್ದೇ 1980ರ ದಶಕದಲ್ಲಿ! ಆ ಮನೆತನದ ಲೋರಾಂ ಪೊನ್ಸೊ ಫ್ರಾನ್ಸ್‌ನಿಂದ ಸೀದಾ ಹರಾಜಿನ ಜಾಗಕ್ಕೇ ಬಂದು ಕೂತರು. ಹರಾಜಿನವರು ಆ ಬಾಟಲಿಗಳನ್ನು ಪಟ್ಟಿಯಿಂದ ತೆಗೆದರು. 2014ರಲ್ಲಿ ರೂಡಿಗೆ 10 ವರ್ಷ ಜೈಲಾಯಿತು.