ಶಾಖೆ ಮುಚ್ಚುವಾಗ ರಾಜೀನಾಮೆ ಕೊಡುವುದು ಮರ್ಯಾದೆಯೇ?

ಹಾವೇರಿಯ ನಿಮ್ಮ ಫೈನಾನ್ಸ್ ಶಾಖೆ ಮುಚ್ಚುತ್ತಿದೆ, ನೌಕರರ ಸಂಘ ಸೇರಿ ಹೆಸರು ಕೆಡಿಸಿಕೊಳ್ಳುವ ಬದಲು ಮರ್ಯಾದೆಯಿಂದ ರಾಜೀನಾಮೆ ಕೊಡಲೇ ಎಂದು ಕೇಳಿದ್ದೀರಿ. 2019ರಲ್ಲಿ ಗದಗಿನಲ್ಲಿ ನಾನು ಅದನ್ನೇ ಮಾಡಿದೆ.

ನಮ್ಮದು ಚಿನ್ನದ ಮೇಲೆ ಸಾಲ ಕೊಡುವ ಕಂಪನಿ. ಅದೇ ವರ್ಷ ಕೇರಳದಲ್ಲಿ ಮುತ್ತೂಟ್ ಫೈನಾನ್ಸ್ ನೌಕರರು 52 ದಿನ ಮುಷ್ಕರ ನಡೆಸಿದಾಗ, ಬೇರೆ ಕಂಪನಿಯವರಾದ ನಾವು ಚಹಾ ಕುಡಿಯುತ್ತ ಅವರನ್ನು ನೋಡಿ ನಕ್ಕಿದ್ದೆವು. ಕೆಲವೇ ವಾರಗಳಲ್ಲಿ ನಮ್ಮ ಶಾಖೆಯೂ ಮುಚ್ಚುವುದೆಂದಾಯಿತು; ಅಡವಿನ ಒಡವೆಗಳ ಪೊಟ್ಟಣಗಳೆಲ್ಲ ಹುಬ್ಬಳ್ಳಿ ಶಾಖೆಗೆ ಹೋದವು. ಮರುದಿನ ಕಂಪನಿಯವರು ನಮ್ಮನ್ನು ಒಬ್ಬೊಬ್ಬರಾಗಿ ಲಾಡ್ಜಿನ ಕೋಣೆಯೊಂದಕ್ಕೆ ಕರೆದರು. ಮೇಜಿನ ಮೇಲೆ ಟೈಪಾದ ಪತ್ರ ಸಿದ್ಧವಿತ್ತು: ವೈಯಕ್ತಿಕ ಕಾರಣಗಳಿಂದ ಸ್ವಇಚ್ಛೆಯಿಂದ ರಾಜೀನಾಮೆ ನೀಡುತ್ತಿದ್ದೇನೆ. ದಿನಾಂಕದ ಜಾಗ ಮಾತ್ರ ಖಾಲಿ. ಸಹಿ ಮಾಡಿದರೆ ಎರಡು ತಿಂಗಳ ಸಂಬಳ, ಸೇವೆಯ ಕೊನೆಗೆ ಕೊಡುವ ಇಡುಗಂಟಾದ ಗ್ರಾಚುಟಿ, ಅನುಭವ ಪತ್ರ; ಇಲ್ಲವಾದರೆ ಕೆಲಸದಿಂದ ತೆಗೆದಿದ್ದೇವೆ ಎಂದು ಬರೆಯುತ್ತೇವೆ ಎಂದರು. ಆ ಮಾತಿಗೆ ಹೆದರಿ ಅವರದೇ ಪೆನ್ನಿನಿಂದ ಸಹಿ ಹಾಕಿದೆ.

ತಪ್ಪಾದದ್ದು ಅಲ್ಲಿಯೇ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಂಪನಿಯೇ ತೆಗೆದುಹಾಕಿದ್ದರೆ, ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಂತೆ ಒಂದು ತಿಂಗಳ ನೋಟಿಸು, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ಸಂಬಳ ಕೊಡಬೇಕಿತ್ತು. ನನ್ನದು 9 ವರ್ಷದ ಸೇವೆ, ಅಂದರೆ 135 ದಿನಗಳ ಸಂಬಳ. ತಾನೇ ಬಿಟ್ಟುಹೋದವನಿಗೆ ಈ ಪರಿಹಾರವಿಲ್ಲ. ನಾನು ಹೆದರಿದ ಆ 'ತೆಗೆದಿದ್ದೇವೆ' ಎಂಬ ಮಾತೇ ನನಗೆ ಹಣ ತರುವ ಮಾತಾಗಿತ್ತು! ಇನ್ನು ಉಪಕಾರವೆಂಬಂತೆ ತೋರಿಸಿದ ಗ್ರಾಚುಟಿ: ಐದು ವರ್ಷ ಸೇವೆ ಮುಗಿಸಿದವನಿಗೆ ಅದು ರಾಜೀನಾಮೆ ಕೊಟ್ಟರೂ ಸಲ್ಲಬೇಕಾದದ್ದು. 18,200 ರೂಪಾಯಿ ಮೂಲವೇತನವನ್ನು ತಿಂಗಳ ಕೆಲಸದ ದಿನಗಳೆಂದು ಹಿಡಿಯುವ 26ರಿಂದ ಭಾಗಿಸಿ, 15 ದಿನಗಳಿಂದಲೂ 9 ವರ್ಷಗಳಿಂದಲೂ ಗುಣಿಸಿದರೆ 94,500 ರೂಪಾಯಿ. ನನ್ನ ದುಡ್ಡನ್ನೇ ನನಗೆ ಆಮಿಷವಾಗಿ ಒಡ್ಡಿದ್ದರು.

ಹದಿನೈದು ದಿನ ಬಿಟ್ಟು ಹುಬ್ಬಳ್ಳಿಯ ಸಂಘದ ಕಚೇರಿಗೆ ಹೋದೆ. ಅಲ್ಲಿದ್ದ ಹಿರಿಯರು ಪತ್ರದ ಪ್ರತಿ ಓದಿ, "ರಾಜೀನಾಮಿ ಬರಕೊಟ್ಟಮ್ಯಾಲೆ ಬಂದೀರಲ್ರೀ ಸರ, ಒಂದಿನಾ ಮೊದಲ ಬರಬಾರದಾಗಿತ್ತೇನ್ರೀ?" ಎಂದರು. ಒತ್ತಾಯದ ಸಹಿ ಎಂದು ವಾದಿಸಬಹುದಿತ್ತು, ಆದರೆ ಆ ಕೋಣೆಯಲ್ಲಿ ನನಗೆ ಸಾಕ್ಷಿಯಾಗಿ ಯಾರಿದ್ದರು? ಸಹಿ ಹಾಕದ ನಮ್ಮ ಇಬ್ಬರು ಕ್ಯಾಷಿಯರ್ ಅಕ್ಕಂದಿರ ಪರವಾಗಿ ಅದೇ ಸಂಘ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ಅರ್ಜಿ ಹಾಕಿತು. ಮೂರನೆಯ ಸಭೆಗೆ ಕಂಪನಿ ಪರಿಹಾರ ಒಪ್ಪಿತು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಶಾಖೆ ಮುಚ್ಚುವವರು ಅವರು. ಬಿಟ್ಟುಹೋಗುತ್ತಿದ್ದೇನೆ ಎಂದು ನೀವೇಕೆ ಬರೆಯಬೇಕು? 2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದ್ದರೂ 15 ದಿನಗಳ ಲೆಕ್ಕ ಉಳಿದಿದೆ. ನಿಮ್ಮ ಹುದ್ದೆಗೆ ಮ್ಯಾನೇಜರ್ ಎಂಬ ಬಾಲವಿದ್ದರೆ ಅದಕ್ಕೂ ಅಂಜಬೇಡಿ, ಕಾನೂನು ನೋಡುವುದು ನೀವು ನಿಜವಾಗಿ ಮಾಡುವ ಕೆಲಸವನ್ನು. ನೇಮಕಾತಿ ಪತ್ರ, ಸಂಬಳದ ಚೀಟಿಗಳು, ಹಾಜರಿಯ ದಾಖಲೆಗಳನ್ನು ಇವತ್ತೇ ಮೊಬೈಲಿಗೆ ಇಳಿಸಿಕೊಳ್ಳಿ. ಸಹಿ ಹಾಕಿದ ದಿನ ಮಧ್ಯಾಹ್ನ ನಾನು ಶಾಖೆಗೆ ಮರಳುವಷ್ಟರಲ್ಲಿ ನನ್ನ ಲಾಗಿನ್ ಬಂದ್ ಆಗಿತ್ತು.