ಬೀಡಿ ಸೇದುವ ಅಪ್ಪನಿಗೆ ಆ್ಯಂಟಿಆಕ್ಸಿಡೆಂಟ್ ಮಾತ್ರೆ ಕೊಡಬಹುದಾ?

ನಿಮ್ಮ ಅಪ್ಪ ಬೀಡಿ ಸೇದುತ್ತಾರೆ, ದಿನವಿಡೀ ಎಲೆ ಅಡಿಕೆ ಹಾಕುತ್ತಾರೆ. ಪರಿಚಯದವರೊಬ್ಬರು 'ಇಮ್ಯುನಿಟಿ ಜಾಸ್ತಿ ಆಗುತ್ತೆ, ಕ್ಯಾನ್ಸರ್ ಬರಲ್ಲ' ಅಂತ ಆ್ಯಂಟಿಆಕ್ಸಿಡೆಂಟ್ ಡಬ್ಬಿ (ಜೀವಕೋಶಗಳಿಗೆ ಹಾನಿ ಮಾಡಬಲ್ಲ 'ಆಕ್ಸಿಡೆಂಟ್' ಅನ್ನುವ ವಸ್ತುಗಳನ್ನು ತಡೆಯುವ ಮಾತ್ರೆಗಳು) ಕೊಟ್ಟಿದ್ದಾರೆ. ಕೊಡಬಹುದಾ ಅಂತ ಕೇಳಿದ್ದೀರಿ.

ಬೇಡ. ನಾನು ತೀರ್ಥಹಳ್ಳಿಯಲ್ಲಿ ಮೆಡಿಕಲ್ ಶಾಪ್ ನಡೆಸುತ್ತೇನೆ. ಇಂಥ ಡಬ್ಬಿ ಮಾರಿದರೆ ನನಗೆ ಒಳ್ಳೇ ಕಮಿಷನ್ ಸಿಗುತ್ತದೆ, ಆದರೂ ಬೇಡ ಅಂತಲೇ ಹೇಳುತ್ತೇನೆ. ಮೊದಲು ಡಬ್ಬಿಯ ಹಿಂಭಾಗ ಓದಿ. ಬೀಟಾ ಕ್ಯಾರೋಟಿನ್ (ಕ್ಯಾರೆಟ್‌ನಂಥ ತರಕಾರಿ, ಹಣ್ಣಿಗೆ ಕೇಸರಿ ಬಣ್ಣ ಕೊಡುವ ವಸ್ತು) ಅಂತ ಬರೆದಿದ್ದರೆ ಅಪ್ಪನ ಕೈಗೆ ಕೊಡಲೇಬೇಡಿ.

ತರಕಾರಿ, ಹಣ್ಣು ಚೆನ್ನಾಗಿ ತಿನ್ನುವವರಲ್ಲಿ ಕ್ಯಾನ್ಸರ್ ಕಡಿಮೆ ಅಂತ ಮೊದಲೇ ಗೊತ್ತಿತ್ತು. ಹಾಗಾದರೆ ಅದರಲ್ಲಿರುವ ಕ್ಯಾರೋಟಿನ್ ಅನ್ನೇ ಮಾತ್ರೆ ಮಾಡಿ ಕೊಟ್ಟರೆ ಹೇಗೆ ಅಂತ ಫಿನ್‌ಲೆಂಡಿನಲ್ಲಿ ನೋಡಿದರು. 29,133 ಜನ, ಎಲ್ಲರೂ ಸಿಗರೇಟ್ ಸೇದುವ ಗಂಡಸರು. 1994ರಲ್ಲಿ ಫಲಿತಾಂಶ ಬಂತು. ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಜಾಸ್ತಿ! ಅಮೆರಿಕದಲ್ಲೂ ಧೂಮಪಾನಿಗಳು, ಕಲ್ನಾರಿನ ಕೆಲಸ ಮಾಡಿದವರ ಮೇಲೆ ಇಂಥದೇ ಪ್ರಯೋಗ ನಡೆದಿತ್ತು. ಬೀಟಾ ಕ್ಯಾರೋಟಿನ್ ಜೊತೆ ವಿಟಮಿನ್ ಎ ಕೊಟ್ಟಿದ್ದರು. ಅಲ್ಲಿ ಶೇ. 28ರಷ್ಟು ಜಾಸ್ತಿ ಕಂಡಿತು, 1996ರಲ್ಲಿ ಪ್ರಯೋಗವನ್ನೇ ಅರ್ಧಕ್ಕೆ ನಿಲ್ಲಿಸಿದರು. ಅಂದರೆ ಈ ಮಾತ್ರೆ ಯಾರಿಗೆ ಬೇಕು ಅಂತ ಮಾರುತ್ತಾರೋ ಅವರಿಗೇ ಹಾನಿ ಆಗಿದ್ದು. ಇನ್ನೊಂದು ಆ್ಯಂಟಿಆಕ್ಸಿಡೆಂಟ್ ಆದ ವಿಟಮಿನ್ ಇ ಕೂಡ ಸಾಚಾ ಅಲ್ಲ. ದಿನಕ್ಕೆ 400 ಯೂನಿಟ್ ತಗೊಂಡ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚಾಗಿದ್ದು 2011ರಲ್ಲಿ ಗೊತ್ತಾಯಿತು.

ಇನ್ನು ಇಮ್ಯುನಿಟಿ. ನಮ್ಮ ಬಿಳಿ ರಕ್ತಕಣಗಳು ರೋಗಾಣುವನ್ನು ಕೊಲ್ಲುವುದಕ್ಕೆ ತಾವೇ ಆಕ್ಸಿಡೆಂಟ್ ತಯಾರು ಮಾಡುತ್ತವೆ. ಹಾಗಿರುವಾಗ ಆಕ್ಸಿಡೆಂಟ್ ಎಲ್ಲಾ ಕೆಟ್ಟದ್ದು, ತೊಳೆದು ಹಾಕಬೇಕು ಅನ್ನುವ ಮಾತಿಗೆ ಅರ್ಥವಿಲ್ಲ, ಅಲ್ವಾ? ಪೋಷಕಾಂಶದ ಕೊರತೆ ಇದ್ದವರ ಕಥೆ ಬೇರೆ. ಅದನ್ನು ಡಾಕ್ಟರ್ ನೋಡಿ ಹೇಳಬೇಕು. ರೋಗನಿರೋಧಕ ಶಕ್ತಿಯಿಂದಲೇ ಕ್ಯಾನ್ಸರ್ ತಡೆಯಬೇಕು ಅಂದರೆ ದಾರಿ ಲಸಿಕೆ: ಹೆಪಟೈಟಿಸ್ ಬಿ ಲಸಿಕೆ ಲಿವರ್ ಕ್ಯಾನ್ಸರ್ ತಡೆಯಲು, ಎಚ್‌ಪಿವಿ ಲಸಿಕೆ ಗರ್ಭಕಂಠದ ಕ್ಯಾನ್ಸರ್ ತಡೆಯಲು. ಮನೆಯಲ್ಲಿ ಹೆಣ್ಣುಮಕ್ಕಳಿದ್ದರೆ ಎಚ್‌ಪಿವಿ ಲಸಿಕೆಯನ್ನು 9ರಿಂದ 14 ವರ್ಷದೊಳಗೆ ಹಾಕಿಸಿ.

ನೆಲ್ಲಿಕಾಯಿ ತಂಬುಳಿ, ಒಂದೆಲಗದ ಚಟ್ನಿ, ಪುನರ್ಪುಳಿ ಸಾರು ಎಲ್ಲಾ ಧಾರಾಳವಾಗಿ ಮಾಡಿ. ಊಟದಲ್ಲಿ ಬರುವ ಕ್ಯಾರೋಟಿನ್‌ನಿಂದ ಈ ತೊಂದರೆ ಇಲ್ಲ. ಆದರೆ ತಂಬುಳಿ ಕುಡಿದರೆ ಬೀಡಿ ಮಾಫಿ ಆಗಲ್ಲ.

ನನಗೆ ಜಾಸ್ತಿ ಚಿಂತೆ ಆ ಎಲೆ ಅಡಿಕೆಯದ್ದು. ಅಡಿಕೆ ಬೆಳೆದು ಬದುಕುವ ಊರಲ್ಲಿ ಕೂತು ಇದನ್ನು ಹೇಳುವುದು ಕಷ್ಟ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತಂಬಾಕು ಹಾಕದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅಂತ ಸಾಬೀತಾದವುಗಳ ಗುಂಪಿಗೆ, ಸೇರಿಸಿದೆ. ಅಪ್ಪನ ಬಾಯಿ ಒಮ್ಮೆ ಬೆಳಕಲ್ಲಿ ನೋಡಿ. ಬಿಳಿ ಅಥವಾ ಕೆಂಪು ಕಲೆ, ಎರಡು ವಾರವಾದರೂ ಮಾಯದ ಹುಣ್ಣು, ಖಾರ ತಿಂದರೆ ಉರಿ, ಬಾಯಿ ಪೂರ್ತಿ ತೆಗೆಯಲು ಬಿಗಿತ, ಇದರಲ್ಲಿ ಒಂದಿದ್ದರೂ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಹತ್ತಿರದ ದಂತವೈದ್ಯರ ಹತ್ತಿರವೋ ಈ ವಾರವೇ ಕರೆದುಕೊಂಡು ಹೋಗಿ. ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ಇಷ್ಟರಲ್ಲೇ ಒಂದಿಷ್ಟು ಮಾತ್ರೆ ನುಂಗಿದ್ದರೆ ಅದನ್ನೂ ಅವರಿಗೆ ಹೇಳಿ.