ನೆಟ್ಟಿ ಗದ್ದೆಯ ತುರಿಕೆ ಎಲ್ಲಿಂದ ಬರುತ್ತದೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಸಣ್ಣ ಊರು. ಪ್ರತಿ ವರ್ಷ ನೆಟ್ಟಿಯ ದಿನಗಳಲ್ಲಿ ಗದ್ದೆಯಿಂದ ಮೇಲೆ ಬಂದ ಸ್ವಲ್ಪ ಹೊತ್ತಿಗೇ ನನಗೂ ನಮ್ಮ ಅತ್ತೆಯವರಿಗೂ ಮೊಣಕಾಲಿನ ಕೆಳಗೆ ವಿಪರೀತ ತುರಿಕೆ ಶುರುವಾಗುತ್ತದೆ, ಮರುದಿನ ಕೆಂಪು ಗುಳ್ಳೆಗಳು ಏಳುತ್ತವೆ. ಗೊಬ್ಬರದ ನಂಜು ಎಂದು ಕೆಲವರು, ನೀರಿನ ದೋಷ ಎಂದು ಕೆಲವರು ಹೇಳುತ್ತಾರೆ. ಹೊಸದಾಗಿ ಗದ್ದೆಗೆ ಇಳಿದವರಿಗೆ ಅಷ್ಟಾಗಿ ಆಗುವುದಿಲ್ಲ, ವರ್ಷಗಟ್ಟಲೆ ಕೆಲಸ ಮಾಡಿದ ನಮಗೇ ಹೆಚ್ಚು. ಇದು ಏನು? ಭಯಪಡಬೇಕೇ?

ಉತ್ತರ: ನೀವು ಕೊನೆಯಲ್ಲಿ ಬರೆದ ಮಾತು ಬಹಳ ಮುಖ್ಯವಾದದ್ದು. ಗೊಬ್ಬರದಿಂದಲೇ ಚರ್ಮ ಉರಿಯುವುದಾದರೆ ಹೊಸಬರನ್ನೂ ಅದು ಬಿಡುತ್ತಿರಲಿಲ್ಲ. ಹಳಬರಿಗೇ ಹೆಚ್ಚು ಎನ್ನುವುದನ್ನೂ, ನೀರಿಗೆ ಇಳಿದಷ್ಟು ಭಾಗದಲ್ಲಿ ಮಾತ್ರ ಗುಳ್ಳೆ ಏಳುವುದನ್ನೂ ಸೇರಿಸಿ ನೋಡಿದರೆ, ಇದು ದನಕರುಗಳ ರಕ್ತನಾಳದಲ್ಲಿ ವಾಸಿಸುವ ಶಿಸ್ಟೊಸೋಮ ಎಂಬ ಪರೋಪಜೀವಿ ಹುಳುವಿನ ಮರಿಗಳಿಂದ ಬರುವ ತುರಿಕೆ ಇರಬೇಕು ಎಂದು ನನಗೆ ತೋರುತ್ತದೆ.

ಈ ಹುಳು ಬರುವ ದಾರಿ ಸುತ್ತುಬಳಸಿನದು. ದನ ಅಥವಾ ಎಮ್ಮೆಯ ಸಗಣಿಯೊಂದಿಗೆ ಹೊರಬಿದ್ದ ಮೊಟ್ಟೆ ನೀರು ಸೇರಿದ ಕೂಡಲೇ ಒಡೆದು, ಅದರಿಂದ ಹೊರಟ ಮರಿ ಬಸವನಹುಳುವನ್ನು ಹುಡುಕಿಕೊಂಡು ಹೋಗಿ ಅದರ ಮೈಯನ್ನು ಹೊಕ್ಕುತ್ತದೆ. ಎಲ್ಲ ಬಸವನಹುಳುಗಳೂ ಅದಕ್ಕೆ ಆಗಿಬರುವುದಿಲ್ಲ. ನಮ್ಮ ಗದ್ದೆ, ಕೆರೆಗಳಲ್ಲಿ ಸಾಮಾನ್ಯವಾಗಿರುವ, ಟಗರಿನ ಕೊಂಬಿನಂತೆ ಚಪ್ಪಟೆಯಾಗಿ ಸುತ್ತಿಕೊಂಡ ಚಿಪ್ಪಿನ ಇಂಡೋಪ್ಲನಾರ್ಬಿಸ್ ಎಂಬುದೇ ಬೇಕು. ಅದರೊಳಗೆ ಕೆಲವು ವಾರಗಳಲ್ಲಿ ಒಂದು ಸಾವಿರಾರಾಗಿ, ಬೆಳಕು ಬಿದ್ದಾಗ ನೀರಿಗೆ ಇಳಿಯುತ್ತವೆ. ಅಂಥ ಒಂದು ಬಸವನಹುಳುವನ್ನು ತಿಳಿನೀರಿನ ಗಾಜಿನ ಲೋಟದಲ್ಲಿ ಹಾಕಿ ಬೆಳಗಿನ ಬಿಸಿಲಿಗೆ ಇಟ್ಟರೆ, ಸ್ವಲ್ಪ ಹೊತ್ತಿನಲ್ಲಿ ನೀರಿನಲ್ಲಿ ಬಿಳಿಯ ಧೂಳು ಅಲ್ಲಾಡಿದಂತೆ ಕಾಣುತ್ತದೆ. ಒಂದು ಹನಿಯನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟರೆ ಆ ಧೂಳಿನ ಒಂದೊಂದು ಕಣಕ್ಕೂ ತುದಿಯಲ್ಲಿ ಕವಲೊಡೆದ ಬಾಲವಿರುವುದು ಕಾಣುತ್ತದೆ. ಆ ಬಾಲ ಬಡಿಯುವ ರಭಸವನ್ನು ಮೊದಲ ಸಲ ನೋಡಿದವರು ಗದ್ದೆಯ ನೀರನ್ನು ಮತ್ತೆ ಮೊದಲಿನ ಕಣ್ಣಿನಿಂದ ನೋಡಲಾರರು.

ಈ ಮರಿಗಳು ಹುಡುಕುವುದು ದನದ ಕಾಲನ್ನು. ನಿಮ್ಮ ಕಾಲು ಸಿಕ್ಕಿದರೆ ಅದನ್ನೂ ಕೊರೆದು ಒಳಗೆ ಹೋಗುತ್ತವೆ, ಆದರೆ ಮನುಷ್ಯರ ಮೈಯಲ್ಲಿ ಬೆಳೆಯಲಾರದೆ ಚರ್ಮದಲ್ಲಿಯೇ ಸಾಯುತ್ತವೆ. ತುರಿಕೆಯೂ ಗುಳ್ಳೆಯೂ ಅವುಗಳನ್ನು ಕೊಲ್ಲಲು ನಿಮ್ಮ ದೇಹ ನಡೆಸುವ ಹೋರಾಟದ ಫಲ. ದೇಹ ಆ ಶತ್ರುವನ್ನು ಹಿಂದೆ ಎಷ್ಟು ಸಲ ಕಂಡಿದೆಯೋ ಅಷ್ಟು ಜೋರಾಗಿ ಪ್ರತಿಭಟಿಸುವುದರಿಂದಲೇ ಅತ್ತೆಯವರ ಕಾಲು ಹೊಸ ಆಳಿನ ಕಾಲಿಗಿಂತ ಹೆಚ್ಚು ತುರಿಸುವುದು. ಸಾಮಾನ್ಯವಾಗಿ ಒಂದು ವಾರದಲ್ಲಿ ತಾನಾಗಿ ಇಳಿಯುತ್ತದೆ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ.

ಆದರೂ ಇದನ್ನು ಹಗುರವಾಗಿ ನೋಡಬೇಡಿ ಎಂದು ನಾನು ಹೇಳುವುದಕ್ಕೆ ಕಾರಣವಿದೆ. ಜಪಾನಿನ ಕತಯಾಮ ಎಂಬಲ್ಲಿ ಗದ್ದೆಗೆ ಇಳಿದ ರೈತರಿಗೂ ದನಗಳಿಗೂ ಕಾಲಿನಲ್ಲಿ ಗುಳ್ಳೆ ಏಳುವುದನ್ನೂ, ಮುಂದೆ ಹೊಟ್ಟೆ ಊದಿ ಜನ ಸಾಯುವುದನ್ನೂ ಫುಜಿಯಿ ಎಂಬ ವೈದ್ಯರು 1847ರಲ್ಲೇ ಬರೆದಿಟ್ಟಿದ್ದರು. ಅದಕ್ಕೆ ಕಾರಣವಾದ ಹುಳು ಪತ್ತೆಯಾದದ್ದು 1904ರಲ್ಲಿ. ಅದು ಬಾಯಿಯಿಂದ ಒಳಗೆ ಹೋಗುತ್ತದೆಯೋ ಚರ್ಮದಿಂದಲೋ ಎಂಬ ವಾದ ನಡೆಯುತ್ತಿದ್ದಾಗ, 1909ರಲ್ಲಿ ಫುಜಿನಾಮಿ ಮತ್ತು ನಕಾಮುರ ಅವರು ಕೆಲವು ದನಗಳು ಗದ್ದೆಯ ನೀರು ಕುಡಿಯದಂತೆ, ಇನ್ನು ಕೆಲವುಗಳ ಮೈಗೆ ಆ ನೀರು ತಾಗದಂತೆ ನೋಡಿಕೊಂಡು, ರೋಗ ಬರುವುದು ಚರ್ಮದ ಮೂಲಕವೇ ಎಂದು ತೋರಿಸಿದರು. ನಡುವಿನ ಬಸವನಹುಳು 1913ರಲ್ಲಿ ಸಿಕ್ಕಿತು. ಕಾಲಿನ ಗುಳ್ಳೆಯನ್ನು ಅಸಡ್ಡೆ ಮಾಡದೆ ಬರೆದಿಟ್ಟ ಒಬ್ಬ ಹಳ್ಳಿಯ ವೈದ್ಯರಿಂದ ಆ ಸಂಶೋಧನೆ ಹೊರಟಿತು ಎಂಬುದನ್ನು ನಾನು ವಿದ್ಯಾರ್ಥಿಗಳಿಗೆ ಹೇಳದೆ ಬಿಟ್ಟದ್ದಿಲ್ಲ. ಹೀಗೆ ಮನುಷ್ಯರ ಮೈಯಲ್ಲಿ ಬೆಳೆಯಬಲ್ಲ ಶಿಸ್ಟೊಸೋಮ ಹುಳುಗಳು ಇಂದಿಗೂ ಮುಖ್ಯವಾಗಿ ಆಫ್ರಿಕದಲ್ಲಿ ಕೋಟ್ಯಂತರ ಜನರನ್ನು ಕಾಡುತ್ತಿವೆ. ನಮ್ಮ ದೇಶದಲ್ಲಿ 1952ರಲ್ಲಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಗಿಮ್ವಿ ಎಂಬ ಹಳ್ಳಿಯಲ್ಲಿ ಅಂಥ ಒಂದು ನೆಲೆ ಪತ್ತೆಯಾಗಿತ್ತು. ನಿಮ್ಮ ಕಾಲಿಗೆ ತಗಲುತ್ತಿರುವುದು ಆ ಜಾತಿಯದ್ದಲ್ಲ, ದನದ ಹುಳು.

ಮಾಡಬೇಕಾದದ್ದು ಇಷ್ಟು. ಗದ್ದೆಯಿಂದ ಮೇಲೆ ಬಂದ ಕೂಡಲೇ, ಕಾಲಿನ ನೀರು ತಾನಾಗಿ ಆರುವ ಮೊದಲೇ, ಒರಟು ಬಟ್ಟೆಯಿಂದ ಗಟ್ಟಿಯಾಗಿ ಉಜ್ಜಿ ಒರೆಸಿ, ಆಮೇಲೆ ಬಾವಿಯ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ. ಸಾಧ್ಯವಿದ್ದವರು ಗಮ್‌ಬೂಟು ಹಾಕಿಕೊಳ್ಳಬಹುದು, ಆದರೆ ನೆಟ್ಟಿಯ ಕೆಸರಿನಲ್ಲಿ ಬೂಟು ಎಳೆದುಕೊಂಡು ನಡೆಯುವ ಕಷ್ಟ ನನಗೆ ಗೊತ್ತು. ಉಗುರಿನಿಂದ ಕೆರೆದು ಹುಣ್ಣು ಮಾಡಿಕೊಳ್ಳಬೇಡಿ. ಹಸಿ ಸಗಣಿ ಗದ್ದೆಯ ನೀರಿಗೆ ಸೇರದಂತೆ, ಕೊಟ್ಟಿಗೆಯ ಗೊಬ್ಬರ ಚೆನ್ನಾಗಿ ಕಳಿತ ಮೇಲೆಯೇ ಹಾಕಿ. ಮನೆಯಲ್ಲಿ ಯಾವುದಾದರೂ ದನ ಗೊರಕೆ ಹೊಡೆದಂತೆ ಉಸಿರಾಡುತ್ತಿದ್ದು, ಮೂಗಿನಿಂದ ಲೋಳೆ ಸುರಿಯುತ್ತಿದ್ದರೆ, ಇದೇ ಕುಲದ ಇನ್ನೊಂದು ಹುಳು ಅದರ ಮೂಗಿನ ರಕ್ತನಾಳದಲ್ಲಿ ಸೇರಿರಬಹುದು, ಪಶುವೈದ್ಯರಿಗೆ ತೋರಿಸಿ. ಎಮ್ಮೆಗಳು ಹೆಚ್ಚಾಗಿ ಯಾವ ಲಕ್ಷಣವನ್ನೂ ತೋರಿಸದೆಯೇ ಈ ಹುಳುವನ್ನು ಹೊತ್ತುಕೊಂಡಿರುತ್ತವೆ.

ಒಂದು ಎಚ್ಚರಿಕೆ: ಗದ್ದೆಗೆ ಇಳಿದ ಕೆಲವು ದಿನಗಳಲ್ಲಿ ಜ್ವರ, ಮೀನಖಂಡದ ತೀವ್ರ ನೋವು, ಕಣ್ಣು ಕೆಂಪಾಗುವುದು ಕಂಡರೆ ಅದು ಈ ತುರಿಕೆಯ ಮುಂದುವರಿಕೆಯಲ್ಲ. ಇಲಿಜ್ವರ ಇರಬಹುದು. ಅದು ಬ್ಯಾಕ್ಟೀರಿಯಾದಿಂದ ಬರುವ, ಜೀವಕ್ಕೆ ಅಪಾಯ ತರಬಲ್ಲ ಕಾಯಿಲೆ. ಆ ದಿನವೇ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ಏಡಿ ತಿಂದರೆ ಶ್ವಾಸಕೋಶದಲ್ಲಿ ಹುಳುವಾಗುತ್ತದೆ ಎಂದು ಮೊಬೈಲಿನಲ್ಲಿ ಓದಿದೆ. ಮಳೆಗಾಲದಲ್ಲಿ ಏಡಿ ಸಾರು ನಮ್ಮ ಮನೆಯಲ್ಲಿ ತಪ್ಪುವುದಿಲ್ಲ. ಬಿಡಬೇಕೇ? (ಹೊಸನಗರದ ಓದುಗರು)

ಉತ್ತರ: ಬಿಡಬೇಕಾಗಿಲ್ಲ, ಚೆನ್ನಾಗಿ ಬೇಯಿಸಿ. ನೀವು ಓದಿದ ಹುಳುವಿನ ಹೆಸರು ಪ್ಯಾರಗೋನಿಮಸ್, ಅದು ನಿಜವಾದದ್ದೇ. ನಮ್ಮ ದೇಶದಲ್ಲಿ ಮಣಿಪುರ ಮೊದಲಾದ ಈಶಾನ್ಯ ರಾಜ್ಯಗಳಲ್ಲಿ ಹಸಿ ಅಥವಾ ಅರೆಬೆಂದ ಏಡಿ ತಿಂದವರಲ್ಲಿ ಕಂಡುಬಂದಿದೆ. ಕೆಮ್ಮು, ಕಫದಲ್ಲಿ ರಕ್ತ ಕಾಣಿಸುವುದರಿಂದ ಕ್ಷಯವೆಂದು ತಪ್ಪು ತಿಳಿದು ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿದವರಿದ್ದಾರೆ. ನಮ್ಮಲ್ಲಿ ಏಡಿಯನ್ನು ಒರಳಿನಲ್ಲಿ ಜಜ್ಜಿ, ರಸ ಹಿಂಡಿ, ಕುದಿಸಿ ಸಾರು ಮಾಡುವ ಪದ್ಧತಿ ಒಳ್ಳೆಯದೇ. ಕುದಿಯುವವರೆಗೆ ಆ ರಸವನ್ನು ನಾಲಿಗೆಗೆ ಮುಟ್ಟಿಸಿ ರುಚಿ ನೋಡಬೇಡಿ, ಜಜ್ಜಿದ ಕಲ್ಲಿನಲ್ಲಿಯೇ ಚಟ್ನಿ ಅರೆಯಬೇಡಿ.

ಪ್ರಶ್ನೆ: ಮಂಗನ ಕಾಯಿಲೆಯೂ ಪರೋಪಜೀವಿ ರೋಗವೇ? ದನಗಳಿಂದ ಅದು ಬರುತ್ತದೆಯೇ? (ಸಾಗರದ ಓದುಗರು)

ಉತ್ತರ: 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ರೋಗಕ್ಕೆ ಕಾರಣ ವೈರಸ್, ಹುಳುವಲ್ಲ. ಅದನ್ನು ಹೊತ್ತು ತರುವ ಉಣುಗು ಮಾತ್ರ ಪರೋಪಜೀವಿ. ದನಗಳು ಈ ವೈರಸ್ಸನ್ನು ಹರಡುವುದಿಲ್ಲ. ಆದರೆ ಕಾಡಿನಲ್ಲಿ ಮೇಯುವ ದನದ ರಕ್ತ ಕುಡಿದು ಬೆಳೆದ ಉಣುಗುಗಳು ಮೊಟ್ಟೆಯಿಟ್ಟು ಸಂತತಿ ಹೆಚ್ಚಿಸಿಕೊಳ್ಳುತ್ತವೆ. ಮನುಷ್ಯರಿಗೆ ರೋಗ ತರುವುದು ಬಹುಪಾಲು ಎಳ್ಳುಕಾಳಿನಷ್ಟೂ ಇಲ್ಲದ ಮರಿ ಉಣುಗು. ಅದು ಹೆಚ್ಚುವುದು ಡಿಸೆಂಬರಿನಿಂದ ಮೇ ತನಕ, ಅಂದರೆ ನೀವು ಸೊಪ್ಪು, ತರಗೆಲೆ, ಸೌದೆಗೆಂದು ಕಾಡಿಗೆ ಹೋಗುವ ದಿನಗಳಲ್ಲಿಯೇ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು ಸಾಕಷ್ಟು ರಕ್ಷಣೆ ನೀಡುತ್ತಿಲ್ಲವೆಂದು ನಿಲ್ಲಿಸಲಾಗಿದೆ. ಆದ್ದರಿಂದ ಕಾಡಿಗೆ ಹೋಗುವ ಮೊದಲು ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ತಪ್ಪದೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಿನಲ್ಲಿ ಮಿಂದು ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೆ ತಿಳಿಸಿ. ಅದರ ಮೈಯಿಂದ ಉದುರಿದ ಉಣುಗುಗಳು ಆ ಜಾಗದಲ್ಲಿಯೇ ಇರುತ್ತವೆ.